ಕಾಲು ಏಕೆ ತಡವರಿಸಿತು?

ಕ್ರಿ. ಶ. 1817ರಲ್ಲಿ ಲಂಡನ್ ನಗರದ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯನು ನಡುಕದ ರೋಗವೊಂದನ್ನು ಕುರಿತು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದನು. ಅದರಲ್ಲಿ ಆತನು ವರ್ಣಿಸಿದ ರೋಗಿಗಳು ಆರೇ ಮಂದಿ. ಆ ಆರು ಮಂದಿಯೂ ಔಷಧಿ ಬೇಡಿ ಆತನ ಬಾಗಿಲಿಗೆ ಬಂದವರಲ್ಲ. ಇಬ್ಬರು ಬೀದಿಯಲ್ಲಿ ಎದುರಾದವರು. ಅವರನ್ನು ನಿಲ್ಲಿಸಿ ವಿಚಾರಿಸಿದನು. ಇನ್ನೊಬ್ಬನನ್ನಂತೂ ದೂರದಿಂದ ನೋಡಿದುದಷ್ಟೇ. ಬಾಗಿದ ಬೆನ್ನು, ಮುಂದಕ್ಕೆ ಬೀಳುವಂತೆ ಓಡುವ ಪುಟ್ಟ ಪುಟ್ಟ ಹೆಜ್ಜೆ—ಕಣ್ಣಿದ್ದ ವೈದ್ಯನಿಗೆ ಅಷ್ಟು ಸಾಕಾಯಿತು. ಅರ್ಧ ಶತಮಾನದ ತರುವಾಯ ಫ್ರಾನ್ಸಿನ ಶಾರ್ಕೋ ಎಂಬ ಪ್ರಸಿದ್ಧ ವೈದ್ಯನು ಆ ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನೇ ಇಟ್ಟನು. ಆಯುರ್ವೇದದವರಿಗೆ ಅದು ಕಂಪವಾತ.

ಆ ನಡಿಗೆಯನ್ನು ಕಾಣಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಬೆಳಗಿನ ಆರೂವರೆಯ ಹೊತ್ತಿಗೆ ವೈಟ್‌ಫೀಲ್ಡಿನ ಯಾವುದಾದರೊಂದು ಬಹುಮಹಡಿ ವಸತಿಯ ಅಂಗಳದಲ್ಲಿ ನಿಂತರಾಯಿತು. ಮಗನೋ ಮಗಳೋ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿರುವ ಕಾರಣ ಹಾಸನ, ಶಿವಮೊಗ್ಗ, ಧಾರವಾಡಗಳ ಮನೆಗೆ ಬೀಗ ಹಾಕಿ ಬಂದ ಹಿರಿಯರು ಅಲ್ಲಿ ಸುತ್ತು ಹಾಕುತ್ತಿರುತ್ತಾರೆ. ಅವರ ನಡುವೆ ಒಬ್ಬರ ಎಡಗೈ ಬೀಸುತ್ತದೆ, ಬಲಗೈ ಬೀಸುವುದಿಲ್ಲ. ಜೊತೆಯವರು ಮೂರು ಸುತ್ತು ಮುಗಿಸುವಷ್ಟರಲ್ಲಿ ಅವರದು ಒಂದು. ಅತ್ತ ಪೀಣ್ಯದ ಕಡೆ, ಜಾಲಹಳ್ಳಿ ದಾಸರಹಳ್ಳಿಗಳ ಬೀದಿಗಳಲ್ಲಿ, ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು ಹಾಲಿನ ಚೀಲ ಹಿಡಿದು ಹೊರಟಿರುತ್ತಾರೆ. ಹಾಲಿನಂಗಡಿಯ ಮುಂದಿನ ಚರಂಡಿ ಚಪ್ಪಡಿಯ ಬಳಿ ಒಬ್ಬರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಹಿಂದಿನವರು ಗೊಣಗುತ್ತಾರೆ.

ಮನೆಯವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಪೀಣ್ಯದಲ್ಲಾದರೆ, "ಕಾರ್ಖಾನೆಯಲ್ಲಿ ನಿಂತು ನಿಂತು ಮಂಡಿ ಹೋಯಿತು, ನೋವು ಅದಕ್ಕೇ." ಎಲೆಕ್ಟ್ರಾನಿಕ್ ಸಿಟಿಯಲ್ಲಾದರೆ, "ಕಂಪ್ಯೂಟರಿನ ಮುಂದೆ ಕೂತು ಕೂತು ಹೆಗಲು ಹಿಡಿಯಿತು." ದುಡಿಮೆಯ ಊರಿನಲ್ಲಿ ಪ್ರತಿಯೊಂದು ನೋವಿಗೂ ದುಡಿಮೆಯೇ ಕಾರಣವಾಗಿ ಕಾಣುವುದು ಸಹಜ. ಆ ಕಾರಣ ಎಷ್ಟೋ ಸಲ ನಿಜವೂ ಹೌದು. ಆದರೆ ಅದೇ ಸುಲಭದ ಉತ್ತರದ ಮರೆಯಲ್ಲಿ ಕಂಪವಾತವು ಎರಡು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿರುವುದುಂಟು. ಈ ರೋಗದ ಮೊದಲ ಸೂಚನೆ ಕೆಲವರಲ್ಲಿ ನಡುಕವಲ್ಲ, ಮೇಲೆತ್ತಲಾಗದಂತೆ ಬಿಗಿದು ನೋಯುವ ಒಂದು ಭುಜ. ಅಂಥವರು ಮೊದಲು ಹೋಗುವುದು ಮೂಳೆಯ ವೈದ್ಯರಲ್ಲಿಗೆ. ಶಾಖ, ಮುಲಾಮು, ಚುಚ್ಚುಮದ್ದು ಎಲ್ಲ ಮುಗಿದ ಮೇಲೆ ನರರೋಗದ ವೈದ್ಯರಲ್ಲಿಗೆ.

ರೋಗದ ಮೂಲವು ಮಿದುಳಿನ ಆಳದಲ್ಲಿರುವ ಕಪ್ಪು ಬಣ್ಣದ ಪುಟ್ಟ ಭಾಗವೊಂದರಲ್ಲಿದೆ. ಅಲ್ಲಿಯ ಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೋಶಗಳು ಒಂದೊಂದಾಗಿ ನಶಿಸಿದಂತೆ ಡೋಪಮೀನ್ ಕಡಿಮೆಯಾಗುತ್ತದೆ. ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಪೆಡಸಾಗುತ್ತವೆ, ಹಲವರಲ್ಲಿ ಕೈ ನಡುಗುತ್ತದೆ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1957ರ ವೇಳೆಗೆ ಈ ರಾಸಾಯನಿಕದ ಮಹತ್ತ್ವವನ್ನು ತೋರಿಸಿಕೊಟ್ಟನು. 2000ದಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಲೆವೊಡೋಪಾ ಎಂಬ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು, ಮರಗಟ್ಟಿ ಕುಳಿತಿದ್ದವರನ್ನು ಎಬ್ಬಿಸಿ ನಡೆಸಿದನು. ಇಂದಿಗೂ ಅದೇ ಮುಖ್ಯ ಔಷಧಿ. ಇದಕ್ಕೆ ಮೂವತ್ತು ವರ್ಷ ಮೊದಲೇ, 1937ರಲ್ಲಿ, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಪದಾರ್ಥವನ್ನು ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರೆಂಬುದು ಗಮನಾರ್ಹ. ಮೈಗೆ ತಗುಲಿದರೆ ತುರಿಸಿ ಕಾಡುವ ಬೇಲಿಯ ಬಳ್ಳಿಯ ಕಾಯಿಯೊಳಗೆ ಅಂತಹ ಮದ್ದು! ಹಾಗೆಂದು ಅಂಗಡಿಯಿಂದ ನಸುಗುನ್ನಿಯ ಚೂರ್ಣವನ್ನು ತಂದು ಮಾತ್ರೆಯ ಜೊತೆಗೆ ತಾವೇ ಬೆರೆಸಿ ನುಂಗುವುದು ಸಲ್ಲದು. ಚೂರ್ಣದಿಂದ ಚೂರ್ಣಕ್ಕೆ ಅದರ ಬಲ ಬೇರೆ. ಪ್ರಮಾಣ ಮೀರಿದರೆ ಮೈ ತನ್ನಷ್ಟಕ್ಕೆ ತಾನೇ ಹೊರಳಾಡತೊಡಗುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ಬೆಂಗಳೂರಿಗೂ ಈ ರೋಗದ ಅಧ್ಯಯನಕ್ಕೂ ಹತ್ತಿರದ ನಂಟು. ಎಲೆಕ್ಟ್ರಾನಿಕ್ ಸಿಟಿಯಿಂದ ನಗರದೊಳಕ್ಕೆ ಬರುವ ಹೊಸೂರು ರಸ್ತೆಯ ಮೇಲೆಯೇ ಇರುವ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರಿದೇವಿ ಮತ್ತು ಅವರ ಸಂಗಡಿಗರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆ ಮನೆಗೆ ಹೋಗಿ ಒಟ್ಟು 1,02,557 ಮಂದಿಯ ವಿಚಾರಣೆ ನಡೆಸಿದರು. 2004ರಲ್ಲಿ ಪ್ರಕಟವಾದ ಆ ಸಮೀಕ್ಷೆಯ ಪ್ರಕಾರ ಲಕ್ಷಕ್ಕೆ ಸುಮಾರು 33 ಮಂದಿಗೆ ಪಾರ್ಕಿನ್‌ಸನ್ ರೋಗವಿತ್ತು. ಅದೇ ಸಂಸ್ಥೆಯ ಡಾ. ಮುಠಾಣೆ ಮತ್ತು ಸಂಗಡಿಗರು 1998ರಲ್ಲಿ, ಭಾರತೀಯರ ಮಿದುಳಿನಲ್ಲಿ ಆ ಕಪ್ಪು ಕೋಶಗಳ ಸಂಖ್ಯೆ ಇಂಗ್ಲೆಂಡಿನವರದಕ್ಕಿಂತ ಕಡಿಮೆಯೆಂದೂ, ಆದರೆ ವಯಸ್ಸಿನೊಡನೆ ಅವು ಸವೆಯುವುದಿಲ್ಲವೆಂದೂ ಎಣಿಸಿ ತೋರಿಸಿದರು. ವೈಟ್‌ಫೀಲ್ಡಿನ ಹೆಸರಿಗೆ ಸಂಬಂಧಿಸಿದ ವಿಚಾರವೂ ಒಂದುಂಟು. 1882ರಲ್ಲಿ ಆ ಊರು ನೆಲೆಗೊಂಡದ್ದು ಆಂಗ್ಲೋ ಇಂಡಿಯನ್ ಜನರ ವಸಾಹತಾಗಿ. ಅವರ ಮುಖಂಡ ವೈಟ್ ಎಂಬವನ ಹೆಸರೇ ಊರಿನ ಹೆಸರು. ಬೆಂಗಳೂರಿನ ವಿಜ್ಞಾನಿಗಳು ಆ ಸಮುದಾಯದ ವೃದ್ಧರನ್ನು ಇತರ ಭಾರತೀಯ ವೃದ್ಧರೊಡನೆ ಹೋಲಿಸಿ ನೋಡಿ, ಮಿಶ್ರ ಮೂಲದವರಲ್ಲಿ ಈ ರೋಗ ಕಡಿಮೆಯೆಂದು 2003ರಲ್ಲಿ ವರದಿ ಮಾಡಿದರು. 2006ರಲ್ಲಿ ಬಂದ ಇನ್ನೊಂದು ವರದಿ ಮನಸ್ಸನ್ನು ಕಲಕುವಂತಹುದು. ಇಲ್ಲಿಯ ವೃದ್ಧಾಶ್ರಮಗಳಲ್ಲಿ ಹುಡುಕಿ ನೋಡಿದಾಗ ರೋಗದ ಲಕ್ಷಣವುಳ್ಳವರು ಅನೇಕರಿದ್ದರು. ಅದು ರೋಗವೆಂದು ಗುರುತಿಸಲ್ಪಟ್ಟಿದ್ದವರು ಕೆಲವರೇ. ಉಳಿದವರಿಗೆ 'ವಯಸ್ಸಾಯಿತು' ಎಂಬುದೇ ರೋಗದ ಹೆಸರಾಗಿತ್ತು.

ಈ ರೋಗದ ಮಾತು ಬಂದೊಡನೆ ಎಲ್ಲರ ಕಣ್ಣು ಹೋಗುವುದು ನಡುಗುವ ಕೈಯ ಕಡೆಗೆ. ಆದರೆ ಕೈ ನಡುಗಿದ ಮಾತ್ರಕ್ಕೆ ಯಾರೂ ಸೊಂಟ ಮುರಿದುಕೊಳ್ಳುವುದಿಲ್ಲ. ಮುರಿದುಕೊಳ್ಳುವುದು ಬಿದ್ದಾಗ. ಈ ರೋಗವುಳ್ಳ ನೂರು ಮಂದಿಯಲ್ಲಿ ಸುಮಾರು ಅರವತ್ತು ಮಂದಿ ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ತಿಳಿದುಬಂದಿದೆ. ಅವರಲ್ಲಿ ಹೆಚ್ಚಿನವರು ಮತ್ತೆ ಮತ್ತೆ ಬೀಳುವವರು. ಏಕೆ ಬೀಳುತ್ತಾರೆಂಬುದಕ್ಕೆ ಹೆಜ್ಜೆ, ಬಾಗಿದ ಬೆನ್ನು, ಸಮತೋಲ ಎಂದು ಕಣ್ಣಿಗೆ ಕಾಣುವ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಕಾಣದ ಎರಡು ಕಾರಣಗಳು ನೋವು ಮತ್ತು ಬಳಲಿಕೆ. ಇವನ್ನು ರೋಗಿಯು ಹೇಳಿದರಷ್ಟೇ ಗೊತ್ತಾಗುತ್ತದೆ. ಹೇಳಿದರೂ ಕೇಳುವವರು ಕಡಿಮೆ.

ಮೊದಲು ನೋವಿನ ವಿಷಯ. ಪಾರ್ಕಿನ್‌ಸನ್ನನ ಪ್ರಬಂಧದಲ್ಲಿಯೇ ಸಂಧಿವಾತದಂತಹ ನೋವಿನ ಪ್ರಸ್ತಾಪವುಂಟು. ಆದರೂ ನೂರೈವತ್ತು ವರ್ಷಕ್ಕೂ ಮೀರಿ ವೈದ್ಯಲೋಕವು ಅದನ್ನು ಮೂಲೆಯಲ್ಲಿ ಕೂರಿಸಿತ್ತು. ಈಗ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಒಂದಲ್ಲ ಒಂದು ಬಗೆಯ ನೋವಿರುತ್ತದೆಂದು ಒಪ್ಪಲಾಗಿದೆ. ಅದನ್ನು ವಿಂಗಡಿಸಿ ಅಳೆಯಲು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2015ರಲ್ಲಿ ಪ್ರತ್ಯೇಕವಾದ ಪ್ರಶ್ನಾವಳಿಯನ್ನೇ ರಚಿಸಿದರು. ಕನ್ನಡದ ರೋಗಿಗೆ ಅಂತಹ ಪ್ರಶ್ನಾವಳಿ ಇಲ್ಲದಿದ್ದರೂ ನಡೆದೀತು, ಏಕೆಂದರೆ ಕನ್ನಡದಲ್ಲಿ ನೋವಿಗೆ ಶಬ್ದದಾರಿದ್ರ್ಯವಿಲ್ಲ. ತೊಂದರೆಯೆಂದರೆ ವೈದ್ಯರ ಮುಂದೆ ಕುಳಿತಾಗ ಆ ಸಂಪತ್ತೆಲ್ಲ ಮರೆತುಹೋಗಿ 'ಪೇನ್ ಇದೆ ಡಾಕ್ಟ್ರೇ' ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹೆಗಲು, ಬೆನ್ನು, ಕುತ್ತಿಗೆಗಳಲ್ಲಿ ಬಿಗಿದುಕೊಂಡಿರುವುದು ಹಿಡಿತ. ಸ್ನಾಯುಗಳು ಸದಾ ಪೆಡಸಾಗಿರುವುದರಿಂದ ಬರುವ ಇದೇ ಎಲ್ಲಕ್ಕಿಂತ ಸಾಮಾನ್ಯವಾದುದು. ಬೆಳಗಿನ ಜಾವ ಕಾಲ್ಬೆರಳುಗಳು ಒಳಕ್ಕೆ ಮುದುರಿಕೊಂಡು ಪಾದ ತಿರುಚಿ ನಿಲ್ಲುವುದು ಸೆಳೆತ. ಹಿಂದಿನ ರಾತ್ರಿಯ ಮಾತ್ರೆಯ ಬಲ ಇಳಿದಿದೆಯೆಂಬುದಕ್ಕೆ ಅದು ಗುರುತು. ಸೊಂಟದಿಂದ ಕಾಲಿನುದ್ದಕ್ಕೂ ಮಿಂಚಿನಂತೆ ಹೊಡೆಯುವುದು ಚಳುಕು. ಬೆನ್ನುಹುರಿಯಿಂದ ಹೊರಡುವ ನರ ಎಲ್ಲಿಯೋ ಅದುಮಿಕೊಂಡಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ. ಎಲ್ಲಿಯೆಂದು ಬೆರಳಿಟ್ಟು ತೋರಿಸಲಾಗದ ಉರಿ ಮಿದುಳಿನಲ್ಲಿಯೇ ಹುಟ್ಟುವಂತಹುದು. ಕಾಲನ್ನು ಒಂದೆಡೆ ಇಡಲಾಗದ ಚಡಪಡಿಕೆಯೂ ಈ ಗುಂಪಿಗೇ ಸೇರಿದುದು. ಹಿಡಿತವೋ, ಸೆಳೆತವೋ, ಚಳುಕೋ, ಉರಿಯೋ, ಗಂಟೆ ಎಷ್ಟು, ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು—ಇಷ್ಟನ್ನು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿಯಿತು. ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಬರುವ ನೋವಿಗೆ ನೋವಿನ ಗುಳಿಗೆಗಿಂತ ಮಾತ್ರೆಯ ವೇಳೆಯನ್ನು ಸರಿಪಡಿಸುವುದೇ ಮದ್ದು.

ಇನ್ನು ಬಳಲಿಕೆ. ಇಲ್ಲಿ ಶಬ್ದಗಳ ನಡುವಣ ಗೆರೆ ಇನ್ನೂ ಮುಖ್ಯ. ದುಡಿದ ಮೇಲೆ ಬಂದು ವಿಶ್ರಾಂತಿಯಿಂದ ಹೋಗುವುದು ದಣಿವು. ಕಣ್ಣು ಎಳೆಯುವುದು ತೂಕಡಿಕೆ. ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು ಬೇಸರ, ಖಿನ್ನತೆ. ಕಂಪವಾತದ ಬಳಲಿಕೆ ಈ ಮೂರೂ ಅಲ್ಲ. ಎಂಟು ಗಂಟೆ ನಿದ್ದೆ ಮಾಡಿ ಎದ್ದವರಿಗೆ ಹಲ್ಲುಜ್ಜುವಷ್ಟರಲ್ಲಿ ದಿನದ ಶಕ್ತಿಯೆಲ್ಲ ಸೋರಿಹೋದಂತಾಗುತ್ತದೆ. ಮಾಡಬೇಕೆಂಬ ಮನಸ್ಸಿದೆ, ಮೈ ಏಳುವುದಿಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದು ಕಾಣುತ್ತದೆ. ನಡುಕವಾಗಲಿ ಪೆಡಸಾಗಲಿ ಇನ್ನೂ ಅಲ್ಪವಾಗಿರುವಾಗಲೇ ಇದು ಬಂದಿರಲೂಬಹುದು. ಸಂಸಾರಗಳಲ್ಲಿ ಇದಕ್ಕೆ ಸಿಗುವ ಹೆಸರು ಸೋಮಾರಿತನ. ನಲವತ್ತು ವರ್ಷ ಬೆಳಗಿನ ಐದಕ್ಕೆ ಎದ್ದು ಮನೆಯವರಿಗೆಲ್ಲ ಬುತ್ತಿ ಕಟ್ಟಿದ ತಾಯಿಗೆ, "ಸುಮ್ಮನೆ ಕೂತುಬಿಡ್ತೀಯಲ್ಲಮ್ಮ, ಸ್ವಲ್ಪ ಓಡಾಡು" ಎಂದು ಮಗನು ಪ್ರೀತಿಯಿಂದಲೇ ಹೇಳುತ್ತಾನೆ. ತಾಯಿಗೆ ಅದು ಬೇನೆಗಿಂತ ಹೆಚ್ಚಾಗಿ ನಾಟುತ್ತದೆ.

ನೋವೂ ಬಳಲಿಕೆಯೂ ಕಾಲನ್ನು ಹೇಗೆ ತಡವರಿಸುತ್ತವೆ? ಪಳಗಿದ ಎತ್ತು ಸಂತೆಯಿಂದ ಮನೆಯ ದಾರಿಯನ್ನು ತಾನೇ ಹಿಡಿಯುತ್ತದೆ. ಗಾಡಿಯವನು ಕಣ್ಣು ಮುಚ್ಚಿದರೂ ಚಿಂತೆಯಿಲ್ಲ. ಆರೋಗ್ಯವಂತನ ನಡಿಗೆ ಅಂತಹುದು. ಯಾವ ಕಾಲು ಎತ್ತಬೇಕು, ಎಷ್ಟು ಎತ್ತಬೇಕು, ಹೊಸ್ತಿಲ ಬಳಿ ಎಷ್ಟು ಸಾಲದು ಎಂಬುದನ್ನೆಲ್ಲ ಮಿದುಳಿನ ಆಳದ ಕೇಂದ್ರಗಳು ಅಭ್ಯಾಸಬಲದಿಂದ ನೋಡಿಕೊಳ್ಳುತ್ತವೆ. ಮನಸ್ಸು ಮಗಳ ಮದುವೆಯ ಲೆಕ್ಕ ಹಾಕುತ್ತಿರಬಹುದು. ಡೋಪಮೀನ್ ಕುಂದಿದಾಗ ಆ ಎತ್ತಿಗೆ ದಾರಿ ಮರೆಯುತ್ತದೆ. ಆಗ ಗಾಡಿಯವನು ಪ್ರತಿಯೊಂದು ಹೆಜ್ಜೆಗೂ ಹಗ್ಗ ಹಿಡಿದೇ ಇರಬೇಕು. ಎಂದರೆ, ಅಭ್ಯಾಸದಿಂದ ನಡೆಯುತ್ತಿದ್ದ ಕೆಲಸವನ್ನು ಗಮನಕೊಟ್ಟು ನಡೆಸಬೇಕು. ರೋಗಿಯು ಗಮನದ ಬಲದಿಂದ ನಡೆಯುತ್ತಾನೆ.

ಗಮನವೆಂಬುದು ಅಕ್ಷಯಪಾತ್ರೆಯಲ್ಲ. ಮಂಡಿಯ ನೋವು ಅದರಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಬಳಲಿಕೆ ಪಾತ್ರೆಯನ್ನೇ ಕಿರಿದು ಮಾಡುತ್ತದೆ. ಆ ಹೊತ್ತಿಗೆ ಜೇಬಿನಲ್ಲಿ ಮೊಬೈಲ್ ಫೋನು ಬಾರಿಸಿದರೆ, ಅಥವಾ ಎದುರಿಗೆ ಬಂದವರು "ಏನ್ ಸಾರ್, ತಿಂಡಿ ಆಯ್ತಾ?" ಎಂದರೆ, ಉಳಿದಿದ್ದುದೂ ಹೋಯಿತು. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ನೆಲವನ್ನು ಸವರುತ್ತದೆ. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ವೃದ್ಧರನ್ನು ಪರೀಕ್ಷಿಸಿ, ನಡೆಯುವಾಗ ಮಾತನಾಡಿಸಿದರೆ ನಿಂತುಬಿಡುವವರು ಮುಂದೆ ಬೀಳುವ ಸಂಭವ ಹೆಚ್ಚೆಂದು ಕಂಡುಕೊಂಡರು. ಅವರೆಲ್ಲ ಕಂಪವಾತದವರಲ್ಲ, ಆದರೂ ಕಂಪವಾತದವರ ಮನೆಗಳಲ್ಲಿ ಇದನ್ನು ಯಾವ ಸಂಶೋಧನೆಯೂ ಇಲ್ಲದೆ ನೋಡಬಹುದು. ನಿಂತು ಉತ್ತರ ಕೊಡುವವರು ಜಾಣರು. ನಡೆಯುತ್ತಲೇ ಉತ್ತರ ಕೊಡಲು ಹೋಗುವವರ ವಿಷಯದಲ್ಲಿ ಎಚ್ಚರಿಕೆ ಬೇಕು.

ನೋವು ನಡಿಗೆಯ ಮೇಲೆ ನೇರವಾಗಿಯೂ ಕೈಮಾಡುತ್ತದೆ. ನೋಯುವ ಕಾಲಿನ ಮೇಲೆ ಭಾರ ಬಿಡಲು ಹೆದರಿ ಮೈ ಇನ್ನೊಂದು ಕಡೆಗೆ ವಾಲುತ್ತದೆ. ಬಿಗಿದ ಬೆನ್ನು ಎಡವಿದಾಗ ತಟ್ಟನೆ ತಿರುಗಿ ಸಮತೋಲ ಹಿಡಿಯಲಾರದು. ಬಾಸ್ಟನ್ನಿನಲ್ಲಿ 70 ವರ್ಷ ದಾಟಿದ 749 ಮಂದಿಯನ್ನು ಹದಿನೆಂಟು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಬಹುಕಾಲದ ನೋವಿದ್ದವರು ನೋವಿಲ್ಲದವರಿಗಿಂತ ಹೆಚ್ಚಾಗಿ ಬಿದ್ದರು. ಸಾಮಾನ್ಯ ವೃದ್ಧರ ಪಾಡೇ ಹಾಗಿರುವಾಗ, ಸಮತೋಲವನ್ನು ಮೊದಲೇ ಕಳೆದುಕೊಂಡವರ ಮಾತೇನು?

ಒಮ್ಮೆ ಬಿದ್ದ ಮೇಲೆ ಭಯ ಹುಟ್ಟುತ್ತದೆ. ಭಯದಿಂದ ಕೂರುತ್ತಾರೆ. ಕೂತರೆ ತೊಡೆಯ ಮಾಂಸ ಕರಗುತ್ತದೆ, ಕೀಲು ಬಿಗಿಯುತ್ತದೆ, ನೋವು ಏರುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಬಳಲಿಕೆ, ಬಳಲಿದವರು ಮತ್ತೆ ಬೀಳುತ್ತಾರೆ. ಗಾಣದೆತ್ತಿನ ಸುತ್ತಿನಂತಹ ಈ ಚಕ್ರದಲ್ಲಿ ಎಲ್ಲಿಯಾದರೂ ಒಂದು ಕಡೆ ಕೋಲು ಹಾಕಿದರೆ ವೇಗ ತಗ್ಗುತ್ತದೆ. ಎಲ್ಲಿ ಹಾಕಬೇಕೆಂಬುದು ಮನೆಯಿಂದ ಮನೆಗೆ ಬೇರೆ.

ಅದನ್ನು ಕಂಡುಹಿಡಿಯಲು ಮನೆಯವರು ಮಾಡಬಹುದಾದ ಸುಲಭದ ಕೆಲಸವೆಂದರೆ, ಬಿದ್ದರೆಂದು ಹೇಳುವಾಗ ಸರಿಯಾದ ಕ್ರಿಯಾಪದವನ್ನು ಬಳಸುವುದು. ಇದು ವ್ಯಾಕರಣದ ಚಾಪಲ್ಯವಲ್ಲ. ಎಡವಿ ಬಿದ್ದರೆ ಪಾದ ಸಾಕಷ್ಟು ಏಳುತ್ತಿಲ್ಲ. ಆ ಹೊತ್ತಿನಲ್ಲಿ ಬಳಲಿದ್ದರೋ, ಮಾತ್ರೆಯ ವೇಳೆ ಮೀರಿತ್ತೋ ನೋಡಬೇಕು. ಮುಗ್ಗರಿಸಿದರೆ ಹೆಜ್ಜೆಗಳು ತಮ್ಮಷ್ಟಕ್ಕೆ ಓಟ ಕಿತ್ತವು, ಮೈ ಕಾಲಿಗಿಂತ ಮುಂದೆ ಹೋಯಿತು. ಕಪಾಟಿನ ಬಾಗಿಲನ್ನು ಎಳೆಯುವಾಗ ಹಿಂದಕ್ಕೆ ಉರುಳಿದರೆ ಸಮತೋಲದ ಪ್ರತಿಕ್ರಿಯೆಯೇ ಕುಂದಿದೆ. ಹಾಸಿಗೆಯಿಂದ ಎದ್ದು ನಿಂತೊಡನೆ ಕುಸಿದರೆ ರಕ್ತದೊತ್ತಡ ಇಳಿದಿರಬಹುದು. ರೋಗದಿಂದಲೂ ಆದೀತು, ಔಷಧಿಯಿಂದಲೂ ಆದೀತು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಒತ್ತಡ ಅಳೆದರೆ ಗೊತ್ತಾಗುತ್ತದೆ. ಜಾರಿ ಬಿದ್ದರೆ ಮಾತ್ರ ತಪ್ಪು ಕಂಪವಾತದ್ದಲ್ಲ, ಬಚ್ಚಲಿನದು; ಹೊಳಪಿನ ಟೈಲ್ಸ್ ಹಾಕಿಸಿದವರದು.

ಕಾಲು ಅಂಟಿಕೊಳ್ಳುವ ಬಗೆಯೊಂದುಂಟು. ಅದರ ವಿಚಿತ್ರಕ್ಕೆ ಎಣೆಯಿಲ್ಲ. ಬಾಗಿಲ ಸಂದಿನಲ್ಲಿ, ತಿರುಗುವಾಗ, ಕುರ್ಚಿಗೆ ಇನ್ನೆರಡು ಹೆಜ್ಜೆಯಿರುವಾಗ ಪಾದಗಳನ್ನು ನೆಲಕ್ಕೆ ಮೊಳೆ ಹೊಡೆದಂತಾಗುತ್ತದೆ. ಅದೇ ವ್ಯಕ್ತಿ ಮೆಟ್ಟಿಲುಗಳನ್ನು ಸರಾಗವಾಗಿ ಹತ್ತಿಬಿಡುತ್ತಾನೆ. ಹಾಲೆಂಡಿನ ವೈದ್ಯರು 2010ರಲ್ಲಿ ವರದಿ ಮಾಡಿದ 58 ವರ್ಷದ ರೋಗಿಯೊಬ್ಬನಿಗೆ ನಾಲ್ಕು ಹೆಜ್ಜೆ ನಡೆಯುವುದು ಕಷ್ಟವಾಗಿತ್ತು. ಸೈಕಲ್ ಮೇಲೆ ಕೂರಿಸಿದರೆ ಆಸ್ಪತ್ರೆಯ ಹೊರಗಿನ ರಸ್ತೆಯಲ್ಲಿ ಲೀಲಾಜಾಲವಾಗಿ ತುಳಿದನು! ಮನೆಯವರು 'ಬೇಕೆಂದೇ ಮಾಡುತ್ತಾರೆ' ಎಂದು ಅನುಮಾನಿಸುವುದು ಇಂತಹುದನ್ನು ಕಂಡೇ. ಬೇಕೆಂದು ಯಾರೂ ಮಾಡುವುದಿಲ್ಲ. ಮೆಟ್ಟಿಲಿನ ಅಂಚು ಕಣ್ಣಿಗೆ ಗುರುತು ಕೊಡುತ್ತದೆ, ಮಿದುಳು ಇನ್ನೊಂದು ದಾರಿಯಿಂದ ಹೆಜ್ಜೆಯನ್ನು ಎತ್ತಿಸುತ್ತದೆ. ಗೆರೆಯಿಲ್ಲದೆ ಕನ್ನಡಿಯಂತೆ ಹೊಳೆಯುವ ಹೊಸ ಮನೆಗಳ ನೆಲ ಈ ದೃಷ್ಟಿಯಿಂದ ಶತ್ರು. ಬಾಗಿಲ ಬಳಿಯಲ್ಲಿ ಒಂದೊಂದು ಹೆಜ್ಜೆಯ ಅಂತರಕ್ಕೆ ಬಣ್ಣದ ಪಟ್ಟಿಯನ್ನು ಅಂಟಿಸಿದರೆ ಅನೇಕರಿಗೆ ದಾರಿ ತೆರೆಯುತ್ತದೆ. ಹೊಸ್ತಿಲ ಮುಂದಣ ರಂಗೋಲಿಯ ಎಳೆಯನ್ನು ದಾಟುವಾಗ ಕಾಲು ತಾನಾಗಿ ಎದ್ದರೆ ಅಚ್ಚರಿಪಡಬೇಕಾಗಿಲ್ಲ. ಅಂಟಿಕೊಂಡವರನ್ನು ಕೈಹಿಡಿದು ಎಳೆಯುವುದು ಮಾತ್ರ ಅಪಾಯ: ಮೈ ಬರುತ್ತದೆ, ಕಾಲು ಬರುವುದಿಲ್ಲ. ಅವರನ್ನು ನಿಲ್ಲಿಸಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಎರಡು ಸಲ ತೂಗಿಸಿ, 'ಒಂದು, ಎರಡು' ಎಂದು ತಾಳ ಹಾಕಿದರೆ ಸಾಕು.

ಹೆಚ್ಚಿನ ಅನಾಹುತಗಳಿಗೆ ರಾತ್ರಿಯ ಎರಡು ಮೂರು ಗಂಟೆಯ ಹೊತ್ತು ಹೇಳಿ ಮಾಡಿಸಿದಂತಹುದು. ಸಂಜೆಯ ಮಾತ್ರೆಯ ಬಲ ಇಳಿದಿರುತ್ತದೆ. ಕಾಲ್ಬೆರಳು ಮುದುರಿ ನೋಯುತ್ತಿರುತ್ತದೆ. ಮೂತ್ರಕ್ಕೆ ಅವಸರ. ನಿದ್ದೆಗಣ್ಣು, ಕತ್ತಲೆ, ಏಳುವಾಗ ಇಳಿಯುವ ರಕ್ತದೊತ್ತಡ. ಮಗನನ್ನು ಎಬ್ಬಿಸೋಣವೆಂದರೆ ಅವನು ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡು ಕೆಲಸ ಮಾಡಿ ಈಗ ತಾನೇ ಮಲಗಿದ್ದಾನೆ. ಪೀಣ್ಯದ ಮನೆಯಲ್ಲಾದರೆ ರಾತ್ರಿ ಪಾಳಿಗೆ ಹೋಗಿದ್ದಾನೆ. ಸಂಕೋಚದಿಂದ ಒಬ್ಬರೇ ಎದ್ದುಬಿಡುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಒಂದು ಮೂತ್ರದ ಪಾತ್ರೆ, ಬಚ್ಚಲಿನವರೆಗೆ ಮಂದವಾದ ದೀಪ, ಗೋಡೆಗೆ ಹಿಡಿಯಲು ಉಕ್ಕಿನ ಸರಳು, ಎದ್ದೊಡನೆ ನಿಲ್ಲದೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರುವ ಅಭ್ಯಾಸ—ಇವುಗಳ ಖರ್ಚು ಸೊಂಟದ ಶಸ್ತ್ರಚಿಕಿತ್ಸೆಯ ಮುಂದೆ ಲೆಕ್ಕಕ್ಕಿಲ್ಲ. ಹವಾಯಿ ಚಪ್ಪಲಿಯನ್ನು ಬಿಟ್ಟು ಹಿಮ್ಮಡಿಯನ್ನು ಹಿಡಿಯುವ ಪಾದರಕ್ಷೆಯನ್ನು ತೊಡಿಸಬೇಕು. ಪಂಚೆಯ ಅಂಚೂ ಸೀರೆಯ ನೆರಿಗೆಯೂ ನೆಲ ಮುಟ್ಟದಿರಲಿ.

ಔಷಧಿಯ ವಿಷಯದಲ್ಲಿ ಎರಡು ಮಾತು. ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಸಾಮಾನ್ಯವಾಗಿ ಮೇಲು. ಹಾಲು, ಬೇಳೆ, ಮೊಟ್ಟೆಗಳ ಪ್ರೋಟೀನು ಕರುಳಿನಲ್ಲಿ ಅದರೊಡನೆ ಪೈಪೋಟಿಗಿಳಿಯುತ್ತದೆ. ಯಾವ ಕಾರಣಕ್ಕೂ ಅದನ್ನು ಹಠಾತ್ತಾಗಿ ನಿಲ್ಲಿಸಬಾರದು. ತಲೆಸುತ್ತಿಗೆಂದು ಅಂಗಡಿಯಿಂದ ತರುವ ಸಿನ್ನಾರಿಜಿನ್, ಪ್ರೊಕ್ಲೋರ್‌ಪೆರಜಿನ್, ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್, ಇವು ಡೋಪಮೀನಿನ ದಾರಿಗೆ ಅಡ್ಡ ಬಂದು ಕಂಪವಾತವನ್ನು ಕೆರಳಿಸುತ್ತವೆ. ಇಲ್ಲದವರಲ್ಲಿಯೂ ಅದರ ಲಕ್ಷಣಗಳನ್ನು ಹುಟ್ಟಿಸಬಲ್ಲವು. ಬಿದ್ದವರಿಗೆ ತಲೆಸುತ್ತಿನ ಮಾತ್ರೆ ಕೊಟ್ಟು ಇನ್ನಷ್ಟು ಬೀಳಿಸುವುದು ವಿರಳವಾದ ಸಂಗತಿಯಲ್ಲ.

ಬಳಲಿದವರಿಗೆ ವಿಶ್ರಾಂತಿಯೇ ಮದ್ದೆಂದು ತೋರುವುದು ಸಹಜ. ಅನುಭವ ಬೇರೆ ಹೇಳುತ್ತದೆ. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ 195 ರೋಗಿಗಳು ಮೂರು ಗುಂಪುಗಳಾಗಿ 24 ವಾರಗಳ ಕಾಲ ವಾರಕ್ಕೆರಡು ಸಲ ವ್ಯಾಯಾಮ ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚೀಣದ ತಾಯ್ ಚಿ ಎಂಬ ನಿಧಾನಗತಿಯ ವ್ಯಾಯಾಮವನ್ನು ಕಲಿತವರು, ಬರಿಯ ಮೈಮುರಿಯುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು. ತಾಯ್ ಚಿ ಹೇಳಿಕೊಡುವವರು ಎಲ್ಲ ಊರುಗಳಲ್ಲಿ ಸಿಗಲಾರರು, ಭೌತಚಿಕಿತ್ಸಕರು ಸಿಗುತ್ತಾರೆ. ಮುಖ್ಯವಾದುದು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸುವ, ಮೈಯನ್ನು ಮೆಲ್ಲನೆ ತಿರುಗಿಸುವ ಅಭ್ಯಾಸ. ಮಾತ್ರೆಯ ಬಲ ಚೆನ್ನಾಗಿರುವ ಹೊತ್ತನ್ನು ಅದಕ್ಕೆ ಮೀಸಲಿಡಬೇಕು. ಇಪ್ಪತ್ತು ನಿಮಿಷ ಆಗದಿದ್ದರೆ ಹತ್ತು ಹತ್ತು ನಿಮಿಷ, ನಡುವೆ ವಿಶ್ರಾಂತಿ. ಸ್ನಾನ, ಅಡುಗೆ, ದೇವರ ಪೂಜೆ, ಅಂಗಡಿ ಎಲ್ಲವನ್ನೂ ಬೆಳಗಿನ ಎರಡು ಗಂಟೆಗಳಲ್ಲಿ ಮುಗಿಸಬೇಕೆಂಬ ಹಠ ಬಿಟ್ಟು ದಿನದುದ್ದಕ್ಕೂ ಹರಡಿಕೊಂಡರೆ ಸಂಜೆಗೆ ಕಾಲಿನಲ್ಲಿ ಕಸುವು ಉಳಿಯುತ್ತದೆ.

ಹೊರಗಿನ ಓಡಾಟವನ್ನು ನಿಲ್ಲಿಸಿಬಿಡುವುದೂ ಉಚಿತವಲ್ಲ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೋ ರೈಲು ಬಂದ ಮೇಲೆ, ನಗರದೊಳಗಿನ ಆಸ್ಪತ್ರೆಗೋ ನೆಂಟರ ಮನೆಗೋ ಹೋಗುವುದು ಹಿರಿಯರಿಗೆ ಬಸ್ಸಿನ ಕಾಲಕ್ಕಿಂತ ಸುಲಭವಾಗಿದೆ. ಆದರೆ ಟಿಕೆಟಿನ ಗೇಟು ಇಕ್ಕಟ್ಟಾದುದು. ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆಂಬ ಅವಸರ, ಹಿಂದಿನಿಂದ ಜನರ ನೂಕುನುಗ್ಗಲು—ಕಾಲು ಅಂಟಿಕೊಳ್ಳಲು ಬೇಕಾದುದೆಲ್ಲ ಅಲ್ಲಿದೆ. ಗಾಲಿಕುರ್ಚಿಯವರಿಗೆಂದು ಇಟ್ಟಿರುವ ಅಗಲದ ಗೇಟಿನಲ್ಲಿ ಹೋಗಬಹುದು. ಕೇಳಿದರೆ ಸಿಬ್ಬಂದಿ ತೆರೆದುಕೊಡುತ್ತಾರೆ. ಚಲಿಸುವ ಮೆಟ್ಟಿಲನ್ನು ಬಿಟ್ಟು ಲಿಫ್ಟು ಹಿಡಿಯಬೇಕು. ಬೆಳಗಿನ ಕಚೇರಿಯ ಹೊತ್ತು ಕಳೆದ ಮೇಲೆ, ಹನ್ನೊಂದರ ಮಾತ್ರೆ ನುಂಗಿ ಮುಕ್ಕಾಲು ಗಂಟೆಯಾದ ತರುವಾಯ ಹೊರಟರೆ ಕಾಲೂ ಮಾತು ಕೇಳುತ್ತದೆ, ಡಬ್ಬಿಯಲ್ಲಿ ಕೂರಲು ಜಾಗವೂ ಸಿಗುತ್ತದೆ.